ಜುಲೈಕಾ ಬೇಡ ಎಂದ ಶಾರ್ಜಾದ ಡಬ್ಬಿ

ಮಾಣಿಯಲ್ಲಿ ಬಸ್ಸಿಳಿದು ಪುತ್ತೂರು ರಸ್ತೆಗೆ ತಿರುಗುವಲ್ಲಿ ಉನೈಸನ ಮೊಬೈಲ್ ಅಂಗಡಿ ಇದೆ. ಅದರೊಳಗೆ, ನೇತಾಡುವ ಕವರುಗಳ ಹಿಂದೆ, ಒಂದು ಮೇಜು ಒಂದು ಕುರ್ಚಿ ಹಿಡಿಯುವಷ್ಟು ಮೂಲೆ. ಆ ಮೂಲೆ ಅವನ ತಾಯಿ ಜುಲೈಕಾಳದ್ದು. ನಿಜ ಹೇಳಬೇಕೆಂದರೆ ಅಂಗಡಿಯೇ ಅವಳದ್ದು. ಮಗ ಮೊದಲು ಒಂದು ಕಪಾಟು ಕೇಳಿದ, ಆಮೇಲೆ ಒಂದು ಗೋಡೆ, ಆಮೇಲೆ ಬೋರ್ಡು. ತಾಯಂದಿರ ಜಾಗ ಯಾವಾಗಲೂ ಹೀಗೇ ಹೋಗುವುದು, ಪ್ರೀತಿಯಿಂದ, ಸ್ವಲ್ಪ ಸ್ವಲ್ಪವೇ.

ಜುಲೈಕಾ ಮಾಡುವುದು ಮದುವೆ ಕಾಗದ, ಅಂದರೆ ಆಮಂತ್ರಣ ಪತ್ರಿಕೆ. ಎರಡು ಮಕ್ಕಳಾದ ಮೇಲೆ, ಗಂಡ ಅಬ್ದುಲ್ ಹಕೀಂ ಶಾರ್ಜಾದಲ್ಲಿದ್ದಾಗ, ತವರು ಮೂಡುಬಿದಿರೆಯಲ್ಲಿ ಕುಳಿತು ಕಲಿತ ವಿದ್ಯೆ. ನಿಖಾಹ್ ಇರಲಿ, ಮುಹೂರ್ತ ಇರಲಿ, ಇಗರ್ಜಿಯ ಮದುವೆ ಇರಲಿ, ಬಂಟ್ವಾಳ ಬೆಳ್ತಂಗಡಿಯ ಕಡೆಯವರು ಅವಳಲ್ಲಿಗೆ ಬರುತ್ತಿದ್ದುದು ಚಿತ್ತಾರಕ್ಕಲ್ಲ. ಯಾವ ಮಾವನ ಹೆಸರು ಕೆಳಗೆ ಹೋದರೆ ಊಟಕ್ಕೆ ಕುಳಿತವರು ಎದ್ದು ಹೋಗುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಅವಳ ಕಾಗದದಿಂದ ಮುರಿದ ಮದುವೆ ಇಲ್ಲ. ರಾಜಿಯಾದ ದಾಯಾದಿಗಳು ಬೇಕಾದಷ್ಟಿದ್ದಾರೆ.

ಬೇಸಿಗೆಯ ಮೊದಲ ಮಳೆಗೆ ಬಡಿದ ಸಿಡಿಲಿಗೆ ಅವಳ ಹಳೇ ಕಂಪ್ಯೂಟರ್ ಸುಟ್ಟುಹೋಯಿತು. ಮಾನಿಟರ್ ಹೇಗೋ ಉಳಿಯಿತು. ಉನೈಸ್ ತನ್ನ ಬಿಲ್ಲಿನ ಲ್ಯಾಪ್‌ಟಾಪನ್ನೇ ಮುಂದಿಟ್ಟ. ತೆರೆದರೆ ಯಾವುದೋ ಪರದೇಶ. ಎಡಗಡೆ ಕೆಳಮೂಲೆಯಲ್ಲಿ ಇರಬೇಕಾದ ಗುಂಡಿ ನಡುವಿಗೆ ಬಂದು ಕೂತಿದೆ. ಕಡತ ಉಳಿಸಿದರೆ ಮೋಡಕ್ಕೆ ಹೋಗುತ್ತದಂತೆ. ಕೇಳದಿದ್ದರೂ ಹವಾಮಾನ ಹೇಳುತ್ತದೆ, ಸಿನಿಮಾ ನಟಿಯ ವಿಚ್ಛೇದನ ಹೇಳುತ್ತದೆ.

ಜುಲೈಕಾ ಪರದೆಯ ಇಂಗ್ಲಿಷನ್ನು ಎಂದೂ ಓದಿ ಕೆಲಸ ಮಾಡಿದವಳಲ್ಲ. ಕತ್ತಲಲ್ಲಿ ಉಪ್ಪಿನ ಡಬ್ಬಿಗೆ ಕೈ ಹೋಗುವ ಹಾಗೆ, ಜಾಗ ನೋಡಿ ಒತ್ತುತ್ತಿದ್ದಳು. ಅಡುಗೆಕೋಣೆಯ ಬಾಗಿಲನ್ನು ಯಾರೋ ಕಿತ್ತು ನಡುಮನೆಗೆ ಕೂರಿಸಿ, 'ಇದು ನಿಮ್ಮ ಅನುಕೂಲಕ್ಕೆ' ಎಂದರೆ ನಾವು ಪೊಲೀಸರಿಗೆ ಫೋನ್ ಮಾಡುತ್ತೇವೆ. ಕಂಪನಿಗಳು ಅದನ್ನೇ ಮಾಡಿದರೆ ಪ್ರಗತಿ ಎಂದು ತಲೆಯಾಡಿಸುತ್ತೇವೆ. ಅರ್ಥವಾಗದವರಿಗೆ ವಯಸ್ಸಾಯಿತು ಎನ್ನುತ್ತೇವೆ.

ಉನೈಸ್ ಅಂದದ್ದೂ ಅದೇ. "ಉಮ್ಮಾ, ಸಾಕು ಇನ್ನು. ಈಗ ಎಲ್ಲರೂ ವಾಟ್ಸಾಪಲ್ಲಿ ವಿಡಿಯೋ ಕಳಿಸ್ತಾರೆ. ಈ ಮೂಲೆಗೆ ಗಾಜಿನ ಕೌಂಟರ್ ಮಾಡಿಸ್ತೇನೆ. ಪೆರ್ನಾಳ್ ಹಬ್ಬ ಕಳೆದ ಕೂಡಲೇ ಬಡಗಿ ಬರ್ತಾನೆ."

"ನಾನು ಎಲ್ಲಿ ಕೂರುವುದು?"

"ಮನೇಲಿ. ಆರಾಮ."

ಹಬ್ಬ ಕಳೆದ ಮೇಲೆಯೇ ಮದುವೆಗಳ ಸುಗ್ಗಿ. ಅಷ್ಟರೊಳಗೆ ಅವಳ ಕೈ ಓಡದಿದ್ದರೆ ಕುರ್ಚಿ ಹೋಯಿತು.

ಆ ದಿನಗಳಲ್ಲೇ ನೆರಿಯ ಊರಿನ ತುಕ್ರಪ್ಪನ ಮಗಳು ವಿಸ್ಮಿತಾ ಬಂದಳು. ಮಿಜಾರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಈಗ ಅವಳದ್ದೇ ಮದುವೆ. ಕಾಗದ ಜುಲೈಕಾಳ ಕೈಯಲ್ಲೇ ಆಗಬೇಕೆಂದು ತಾಯಿ ನೀಲಾವತಿಯ ಹಟ. ಜುಲೈಕಾ ಲ್ಯಾಪ್‌ಟಾಪಿನ ಮುಂದೆ ಪರೀಕ್ಷೆಗೆ ಓದದೆ ಬಂದವಳ ಹಾಗೆ ಕುಳಿತದ್ದನ್ನು ವಿಸ್ಮಿತಾ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದು ಚುಚ್ಚಿದಳು.

ಪರದೆ ಕಪ್ಪಾಗಿ, ಬೆಳಗಿತು. ಬೂದು ಬಣ್ಣದ ಪಟ್ಟಿ. ಎಡಮೂಲೆಯಲ್ಲಿ ಗುಂಡಿ. ಚೌಕಾಕಾರದ ಕಿಟಕಿಗಳು, ಕಸದ ಬುಟ್ಟಿ, ಎಲ್ಲ ತಮ್ಮ ತಮ್ಮ ಜಾಗದಲ್ಲಿ.

ಜುಲೈಕಾ ಪರದೆಯನ್ನು ಬೆರಳಿನಿಂದ ಮುಟ್ಟಿದಳು. "ಇದು ಇಷ್ಟು ದಿನ ಎಲ್ಲಿಗೆ ಹೋಗಿತ್ತು?"

"ಇದು ಅದಲ್ಲ ಜುಲೈಕತ್ತ, ಲಿನಕ್ಸ್ ಅಂತ. ಒಳಗೆ ಹೊಸದು, ಮುಖ ಮಾತ್ರ ಹಳೇದು. ಹಳೇ ರೂಪವೇ ಬೇಕು ಅನ್ನುವವರು ಸೇರಿ ಮಾಡಿದ್ದು. ದುಡ್ಡು ಇಲ್ಲ."

"ನನ್ನ ಕಾಗದದ ಸಾಫ್ಟ್‌ವೇರ್?"

"ಅದು ಓಡ್ಲಿಕ್ಕೆ ಇನ್ನೊಂದು ಹಾಕ್ತೇನೆ." ವಿಸ್ಮಿತಾ ಕೆಮ್ಮಿದಳು. "ಅದರ ಹೆಸರು ವೈನ್."

ಜುಲೈಕಾ ಮಗನ ಕಡೆ ಒಮ್ಮೆ ನೋಡಿದಳು. "ಹಾಕು. ಹೆಸರು ನಮ್ಮ ಉಸ್ತಾದರ ಎದುರು ಹೇಳ್ಬೇಡ."

ಲ್ಯಾಪ್‌ಟಾಪ್ ಬಿಲ್ಲಿಗೆ ಬೇಕು, ದೊಡ್ಡ ಡಬ್ಬಕ್ಕೆ ಜಾಗವಿಲ್ಲ. ಅಂಗೈಯಗಲದ ಮಿನಿ ಪಿಸಿ ಆದೀತು, ಹಳೇ ಮಾನಿಟರಿನ ಹಿಂದೆ ಕೂತುಬಿಡುತ್ತದೆ ಎಂದಳು ವಿಸ್ಮಿತಾ. ಮೂಡುಬಿದಿರೆಯ ನೌಫಲನ ಅಂಗಡಿಯಲ್ಲಿ ಆಫೀಸುಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಸಿಗುತ್ತದೆ, ಈ ಲಿನಕ್ಸಿಗೆ ಅದು ಧಾರಾಳ.

ಆ ರಾತ್ರಿ ಊಟದ ಹೊತ್ತಿಗೆ ಶಾರ್ಜಾದಿಂದ ಹಕೀಮನ ಫೋನು. ಜುಲೈಕಾ ವಿಷಯ ಹೇಳುತ್ತಿದ್ದಂತೆಯೇ ತೀರ್ಮಾನ ಬಂತು. "ಎಂಥದೂ ತಗೊಳ್ಬೇಡಿ. ನಾನು ಬರ್ತಾ ಇದ್ದೇನಲ್ಲ, ಇಲ್ಲಿಂದ ತರ್ತೇನೆ."

ನಮ್ಮ ಊರಿನಲ್ಲಿ ಈ ಮಾತಿಗೆ ಮೇಲ್ಮನವಿ ಇಲ್ಲ. ಗಲ್ಫಿನ ಪೆಟ್ಟಿಯಿಂದ ಏನು ಬಂದರೂ ಬೇಡ ಎನ್ನುವ ಹಾಗಿಲ್ಲ. ಬೇಡ ಎಂದರೆ ಅಲ್ಲಿನ ಬಿಸಿಲಲ್ಲಿ ದುಡಿದದ್ದನ್ನೇ ಬೇಡ ಎಂದಂತೆ. ಏನು ಬೇಕೆಂದು ಯಾರೂ ಕೇಳುವುದಿಲ್ಲ. ಬಂದದ್ದು ಇಷ್ಟವಾಯಿತೇ ಎಂದು ಮಾತ್ರ ಕೇಳುತ್ತಾರೆ, ಅದೂ ನಾಲ್ಕು ಜನರ ಎದುರು.

ಹಬ್ಬಕ್ಕೆ ಮುಂಚೆ ಹಕೀಂ ಬಂದಿಳಿದ. ಪೆಟ್ಟಿಯಿಂದ ಹೊರಬಂದದ್ದು ಗಾಜಿನ ಮೈಯ, ಕೆಂಪು ನೀಲಿ ಹಸಿರು ಬೆಳಕು ಸುತ್ತುವ ಮಿನಿ ಪಿಸಿ. ಆಟ ಆಡುವ ಹುಡುಗರಿಗಾಗಿ ಮಾಡಿದ್ದು. ಜೊತೆಗೆ ಅರಬಿ ಅಕ್ಷರದ ಕೀಬೋರ್ಡ್ ಉಚಿತ.

"ಹೇಗುಂಟು?" ಎಂದ ಹಕೀಂ. ನೆರೆಮನೆಯವರೂ ಇದ್ದರು.

"ಒಳ್ಳೇದುಂಟು," ಎಂದಳು ಜುಲೈಕಾ. ಅವಳ ಬಾಯಿಗೆ ಅಭ್ಯಾಸವಾದ ಉತ್ತರ.

ವಿಸ್ಮಿತಾ ಬಂದು ಅದರ ಜೊತೆ ಕುಸ್ತಿಗಿಳಿದಳು. ಹಳೇ ಮಾನಿಟರಿನ ನೀಲಿ ತಲೆಯ ವೈರಿಗೆ ಅದರಲ್ಲಿ ತೂತೇ ಇಲ್ಲ, ನಡುವೆ ಒಂದು ಪರಿವರ್ತಕ ಸಿಕ್ಕಿಸಬೇಕಾಯಿತು. ಅದರ ವೈಫೈ ತೀರಾ ಹೊಸತು, ಈ ಲಿನಕ್ಸಿಗೆ ಗುರುತೇ ಹತ್ತಲಿಲ್ಲ. ಅದಕ್ಕೊಂದು ಯುಎಸ್‌ಬಿ ಕಡ್ಡಿ, ಆ ಕಡ್ಡಿ ಚುಚ್ಚಲು ತೂತು ಸಾಲದೆ ಇನ್ನೊಂದು ಪೆಟ್ಟಿಗೆ. ಕೊನೆಗೆ ಯಂತ್ರ ಐಸಿಯುನಲ್ಲಿ ಮಲಗಿದ ರೋಗಿಯ ಹಾಗೆ ನಳಿಗೆಗಳ ನಡುವೆ ಉಸಿರಾಡುತ್ತಿತ್ತು. ಫ್ಯಾನು ಬೇರೆ, ಮಿಕ್ಸಿಯ ಸದ್ದು. ಮೌಸ್ ತಾಗಿ ಒಂದು ನಳಿಗೆ ಜಾರಿದರೆ ಪರದೆ ಸತ್ತುಹೋಗುತ್ತಿತ್ತು. ವಿಸ್ಮಿತಾಳ ಕಾಗದದ ಅರ್ಧ ಎರಡು ಸಲ ಹಾಗೆಯೇ ಹೋಯಿತು.

"ಬಡಗಿಗೆ ಹೇಳಿ ಆಯ್ತು," ಎಂದ ಉನೈಸ್, ತಾಯಿಯ ಮುಖ ನೋಡದೆ.

ಹಬ್ಬದ ಮರುದಿನ ಬೆಳಿಗ್ಗೆ ಜುಲೈಕಾ ವಿಸ್ಮಿತಾ ಬಿಟ್ಟುಹೋಗಿದ್ದ ಪೆನ್‌ಡ್ರೈವನ್ನು ಪರ್ಸಿಗೆ ಹಾಕಿದಳು. "ಮೂಡುಬಿದಿರೆಗೆ ಹೋಗುವ," ಎಂದಳು ಗಂಡನಿಗೆ.

"ಯಾಕೆ? ತವರಿನಲ್ಲಿ ಎಂಥ ವಿಶೇಷ?"

"ನೀವು ಬನ್ನಿ. ಮಾನಿಟರ್ ಹಿಡಿದುಕೊಳ್ಳಿ."

ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ, ಮಾನಿಟರನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡು, ಹಕೀಂ ಸಿದ್ಧಕಟ್ಟೆ ದಾಟಿ ಹೋದ. ನೌಫಲನ ಅಂಗಡಿಯ ಮುಂದೆ ಇಳಿದಾಗ ಅರ್ಥವಾಯಿತು. ಮುಖ ಕೆಂಪಾಯಿತು.

ನೌಫಲ್ ಹೆಣ್ಣು ತೋರಿಸುವವರ ಹಾಗೆ ಒಂದೊಂದಾಗಿ ತಂದಿಟ್ಟ. ಮೊದಲಿನದು ಹೊಳೆಯುವ ಬಿಳಿ. ಜುಲೈಕಾ ನೀಲಿ ವೈರ್ ಹಿಡಿದು ಬೆನ್ನು ನೋಡಿದಳು. ತೂತಿಲ್ಲ, ಅತ್ತ ಇಡು. ಎರಡನೆಯದಕ್ಕೆ ತೂತಿತ್ತು. ಪೆನ್‌ಡ್ರೈವ್ ಚುಚ್ಚಿ, ಮೇಲೆ ಅಂಗೈ ಇಟ್ಟು ಜ್ವರ ನೋಡುವ ಹಾಗೆ ಕಾದಳು. ಬಿಸಿ. ಅದೂ ಅತ್ತ. ಮೂರನೆಯದು ಯಾವುದೋ ಬ್ಯಾಂಕಿನಿಂದ ಬಂದ ಕಪ್ಪು ಡಬ್ಬಿ, ಒಂದು ದಪ್ಪ ಪುಸ್ತಕದಷ್ಟು. ಮೈಮೇಲೆ ಕಿತ್ತ ಚೀಟಿಯ ಕಲೆ, ಮೂಲೆಯಲ್ಲಿ ಗೀರು. ನೀಲಿ ವೈರ್ ಸೀದಾ ಕೂತಿತು. ವೈಫೈ ತಾನಾಗಿ ಹತ್ತಿತು. ಅವಳು ಕಿವಿ ಹತ್ತಿರ ತಂದಳು. ಸದ್ದಿಲ್ಲ. ಅವಳು ಅಲ್ಲೇ ನಿಂತು ನೀಲಾವತಿಯ ಅಣ್ಣಂದಿರ ಹೆಸರುಗಳನ್ನು ಪಟಪಟ ಹೊಡೆದಳು, ತಪ್ಪಿಲ್ಲದೆ, ಪರದೆಯಿಂದ ಕಣ್ಣು ಕೀಳದೆ.

"ಇದು," ಎಂದಳು.

ಹಕೀಂ ಮೆಲ್ಲಗೆ ಅಂದ, "ಬ್ಯಾಂಕಿನವರು ಬಿಸಾಡಿದ್ದು ಮಾರಾಯ್ತಿ. ಶಾರ್ಜಾದವನ ಹೆಂಡತಿಗೆ ಸೆಕೆಂಡ್‌ಹ್ಯಾಂಡಾ? ಮಾಣಿಯಲ್ಲಿ ನಾನು ಹೇಗೆ ತಿರುಗಾಡುವುದು?"

"ಕಾಲಲ್ಲಿ."

ನೌಫಲ್ ಏನೋ ಹುಡುಕುವವನ ಹಾಗೆ ಒಳಗೆ ಹೋದ. ಜುಲೈಕಾ ಗಂಡನ ಕಡೆ ತಿರುಗಿದಳು. ದನಿ ಏರಲಿಲ್ಲ.

"ನೀವು ತಂದ ಮಿಕ್ಸಿಯ ಪಿನ್ನು ನಮ್ಮ ಗೋಡೆಗೆ ಹೋಗ್ಲಿಲ್ಲ. ಕಡ್ಡಿ ಚುಚ್ಚಿ ಹಾಕಿದೆ, ಶಾಕೂ ಹೊಡೆಸಿಕೊಂಡೆ. ಚಪ್ಪಲಿ ಒಂದು ನಂಬರ್ ಸಣ್ಣದು, ಹಾಕಿದೆ. ಇಸ್ತ್ರಿಪೆಟ್ಟಿಗೆ ಹಾಕಿದ ಕೂಡಲೇ ಮನೆಯಿಡೀ ಕತ್ತಲು, ಆದ್ರೂ ಒಳ್ಳೇದುಂಟು ಹೇಳಿದೆ. ಒಂದಕ್ಕೂ ಬೇಡ ಹೇಳ್ಲಿಲ್ಲ. ಇದಕ್ಕೆ ಹೇಳ್ತೇನೆ. ನಿಮ್ಮ ಡಬ್ಬಿ ನನಗೆ ಬೇಡ. ಅದರಲ್ಲಿ ಕೂತರೆ ನನ್ನ ಕೆಲಸ ಹೋಗ್ತದೆ."

ಶಾರ್ಜಾದ ಸೂಪರ್‌ಮಾರ್ಕೆಟಿನಲ್ಲಿ ಮೂವತ್ತು ವರ್ಷ ಬೇರೆಯವರ ಗಿರಾಕಿಗಳ 'ಬೇಡ' ಕೇಳಿಸಿಕೊಂಡ ಮನುಷ್ಯ. ಸ್ವಂತ ಹೆಂಡತಿಯಿಂದ ಕೇಳಿದ್ದು ಇದೇ ಮೊದಲು.

"ಆ ಚಪ್ಪಲಿ ಸಣ್ಣದಾಗಿತ್ತಾ?" ಎಂದ.

"ಹೌದು."

"ಎಷ್ಟು ವರ್ಷ ಹಾಕಿದ್ದು?"

"ಹರಿಯುವವರೆಗೆ."

ಹಕೀಂ ಒಳಗೆ ಇಣುಕಿ ಕರೆದ. "ನೌಫಲ್, ಇದನ್ನೇ ಕಟ್ಟು ಮಾರಾಯ. ಆ ಚೀಟಿಯ ಕಲೆ ಸ್ವಲ್ಪ ಉಜ್ಜು." ಜುಲೈಕಾ ಉಜ್ಜಲು ಬಿಡಲಿಲ್ಲ. ಹೊತ್ತಾಗುತ್ತದೆ ಎಂದಳು.

ಮಧ್ಯಾಹ್ನದ ಮೇಲೆ ಬಡಗಿ ಬಂದಾಗ ಮೂಲೆಯಲ್ಲಿ ಕೆಲಸ ನಡೆಯುತ್ತಿತ್ತು. ಕಪ್ಪು ಡಬ್ಬಿ ಮಾನಿಟರಿನ ಹಿಂದೆ ಅಡಗಿತ್ತು. ಎದುರಿನ ಸ್ಟೂಲಿನಲ್ಲಿ ತುಕ್ರಪ್ಪ, ಪಕ್ಕದಲ್ಲಿ ಇನ್ನೂ ಇಬ್ಬರು ತಮ್ಮ ಮದುವೆಗಳನ್ನು ಹಿಡಿದು ಕಾಯುತ್ತಿದ್ದರು. ಬಡಗಿ ಅಳತೆಪಟ್ಟಿ ಬಿಚ್ಚಿ ಉನೈಸನ ಮುಖ ನೋಡಿದ. ಉನೈಸ್ ಕಾಯುವವರ ಸಾಲನ್ನು ನೋಡಿದ, ತಾಯಿಯ ಬೆರಳುಗಳನ್ನು ನೋಡಿದ. ಹತ್ತಿರ ಹೋಗಿ ಬಡಗಿಯ ಕಿವಿಯಲ್ಲಿ ಏನೋ ಹೇಳಿದ. ಬಡಗಿ ಪಟ್ಟಿ ಸುತ್ತಿಕೊಂಡು, ಹೋಗುವ ಬದಲು, ತಾನೂ ಸಾಲಿನಲ್ಲಿ ಕೂತ. ಅವನ ತಂಗಿಗೂ ನಿಶ್ಚಯವಾಗಿತ್ತು.

"ನನ್ನ ಭಾವನ ಹೆಸರು ಕೊನೆಗೆ ಹಾಕಿ ಆಯ್ತಾ," ಎನ್ನುತ್ತಿದ್ದ ತುಕ್ರಪ್ಪ. "ಜಾಗದ ಗಡಿಯ ಜಗಳದಲ್ಲಿ ನಮಗೆ ಮಾತಿಲ್ಲ."

"ನಿಮಗೆ ಮಾತಿಲ್ಲ. ನೀಲಾವತಿಗೆ ಅಣ್ಣ ಅಲ್ವಾ?" ಜುಲೈಕಾ ತಲೆ ಎತ್ತಲಿಲ್ಲ. "ಮೇಲೆ ಹಾಕಿದ್ದೇನೆ. ಹಿಡಿಸದಿದ್ದರೆ ಈಗಲೇ ಬೇಡ ಅಂತ ಹೇಳಿ, ತುಕ್ರಪ್ಪಣ್ಣ. ಮನಸ್ಸಲ್ಲಿ ಇಟ್ಟುಕೊಂಡು ಸುಮ್ಮನೆ ತಗೊಂಡು ಹೋಗ್ಬೇಡಿ."

ತುಕ್ರಪ್ಪ ಪರದೆಗೆ ಬಗ್ಗಿ ಭಾವನ ಹೆಸರನ್ನು ಓದಿದ. "ಇರಲಿ, ಅಲ್ಲೇ ಇರಲಿ," ಎಂದ.