ತೊಟ್ಟಿ ಬದಲಾದ ದಿನ

ಭೂಮಿಕಾ, ಚಿನ್ಮಯ, ಮೊನ್ನೆ ಬೈಲಹೊಂಗಲದ ನಿಮ್ಮ ಮನೆಯ ನೀರಿನ ಟಾಕಿ ತೊಳೆಯಲು ಬಂದವನು ಬ್ಲೀಚಿಂಗ್ ಪೌಡರಿನ ಚೀಲ ಬಿಚ್ಚಿದಾಗ ನಾನು ನಿಮ್ಮಿಬ್ಬರನ್ನೂ ಎತ್ತಿಕೊಂಡು ಬೀದಿಗೆ ಓಡಿದೆ. ನಿಮ್ಮ ಅವ್ವ, ನನ್ನ ಮಗಳು, ನಕ್ಕಳು. ನಾನೂ ನಕ್ಕಂತೆ ಮಾಡಿದೆ, ಆದರೆ ಸಂಜೆಯವರೆಗೆ ನಿಮ್ಮನ್ನು ಒಳಗೆ ಬಿಡಲಿಲ್ಲ. ಮೊದಲು ಸುಣ್ಣದ ಒಣ ಘಾಟು, ಅದರ ಬೆನ್ನಿಗೇ ಮೂಗಿನೊಳಗೆ ಸೂಜಿಯಂತೆ ಇಳಿಯುವ ಇನ್ನೊಂದು ವಾಸನೆ. ಅದು ಬಂದರೆ ನನಗೆ ಈಗಲೂ ಹದಿಮೂರು ವರ್ಷ, ಕಟಕೋಳದ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತಿರುತ್ತೇನೆ. ನಿಮಗಿನ್ನೂ ಅಕ್ಷರ ಬಾರದು. ಬಂದ ಮೇಲೆ ಓದಿಕೊಳ್ಳಲಿ ಎಂದು ಬರೆಯುತ್ತಿದ್ದೇನೆ. ಬಾಯಿಬಿಟ್ಟು ಹೇಳುವುದು ನನ್ನಿಂದ ಆಗದ ಕೆಲಸ. ನಿಮ್ಮ ಅಜ್ಜ ಬದುಕಿದ್ದಾಗ ಅವರಿಗೂ ಹೇಳಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮದು ನೂಲಿಗೆ ಬಣ್ಣ ಹಾಕುವ ಮನೆ. ಬಣ್ಣ ಹಿಡಿಯಬೇಕಾದರೆ ನೂಲು ಮೊದಲು ಬೆಳ್ಳಗಾಗಬೇಕು. ಹಿತ್ತಲಿನ ತಗಡಿನ ಚಪ್ಪರದ ಕೆಳಗೆ ಒಂದು ಸಿಮೆಂಟಿನ ತೊಟ್ಟಿ. ಅದರಲ್ಲಿ ಬ್ಲೀಚಿಂಗ್ ಪುಡಿ ಕಲಸಿ ತಿಳಿ ಬಸಿದ ನೀರು, ಅದರಲ್ಲಿ ನೂಲಿನ ಲಡಿಗಳು, ಅಂದರೆ ಸುತ್ತಿ ಕಟ್ಟಿದ ನೂಲಿನ ಕಟ್ಟುಗಳು. ನೆನೆದ ಲಡಿಗಳನ್ನು ಹೆಂಗಸರು ಮೂರು ನೀರಿನಲ್ಲಿ ತೊಳೆದು, ಒಳಕೋಣೆಯ ಇನ್ನೊಂದು ತೊಟ್ಟಿಯ ಬರಿಯ ನೀರಿಗೆ ಹಾಕುವರು. ಆಮೇಲೆ ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ಪಿಂಗಾಣಿ ಜಾಡಿಯಿಂದ ಆ್ಯಸಿಡ್ ಸುರಿಯುವನು. ನೂಲಿನಲ್ಲಿ ಉಳಿದ ಸುಣ್ಣ ಅದರಿಂದ ಬಿಡುತ್ತಿತ್ತು. ಆ ಜಾಡಿಯನ್ನು ಅವನ ಹೊರತು ಯಾರೂ ಮುಟ್ಟುವಂತಿರಲಿಲ್ಲ. "ಪುಡಿ, ಆಸಿಡ್ ಅಂದ್ರ ಸವತ್ಯಾರವ್ವ. ಒಂದ ಕ್ವಾಣ್ಯಾಗ ಕುಂದ್ರಸಬಾರದು" ಎಂದು ನಗುತ್ತಿದ್ದ. ನಲವತ್ತು ವರ್ಷ ಆ ಕೆಲಸ ಮಾಡಿ ಅವನ ಮೂಗು ಸತ್ತುಹೋಗಿತ್ತು. ಅನ್ನ ಸೀದರೂ ತಿಳಿಯುತ್ತಿರಲಿಲ್ಲ.

ಆ ಮನೆಯಲ್ಲಿ ಸೊಸೆಯಂದಿರು ಮಾವನ ಎದುರು ಮಾತಾಡುತ್ತಿರಲಿಲ್ಲ. ನನ್ನ ಕಾಕಾನ ಹೆಂಡತಿ, ನಾನು ಚಿಗವ್ವ ಎಂದು ಕರೆಯುತ್ತಿದ್ದವಳು, ಮದುವೆಯಾಗಿ ಆರು ವರ್ಷವಾದರೂ ಮುತ್ಯಾನಿಗೆ ಅವಳ ದನಿ ಹೇಗಿದೆಯೆಂದು ಗೊತ್ತಿರಲಿಲ್ಲ. ಚಹಾ ಆಗಿದ್ದರೆ ಅಡಿಗೆ ಮನೆಯ ಬಾಗಿಲ ಹಿಂದೆ ನಿಂತು ಬಳೆ ಸಪ್ಪಳ ಮಾಡುವಳು. ದೊಡ್ಡ ಮಾತಿದ್ದರೆ ನನ್ನ ಕೈಯಲ್ಲಿ ಹೇಳಿ ಕಳಿಸುವಳು. ನಾನೋ ಹೊಸಬರನ್ನು ಕಂಡರೆ ಬಾಯಿ ಬಿಡುತ್ತಿರಲಿಲ್ಲ. "ನಿನ್ನ ನಾಲಿಗಿ ಯಾರಿಗರ ಬಾಡಿಗಿ ಕೊಟ್ಟೀಯೇನ? ಪಾಪ, ಅವರರ ಮಾತಾಡ್ಲಿ ಬಿಡು" ಎಂದು ಚಿಗವ್ವ ಕಾಡಿಸುತ್ತಿದ್ದಳು. ಕಾಡಿಸುತ್ತಲೇ ನನ್ನ ತಲೆಗೆ ಎಣ್ಣೆ ಹಚ್ಚುವಳು. ಅವಳ ಬೆರಳಿನ ತುದಿಗಳು ಪುಡಿ ನೀರಿಗೆ ಬಿರಿದು ಒರಟಾಗಿದ್ದವು, ಎಣ್ಣೆಯಲ್ಲೂ ಕೂದಲಿಗೆ ಸಿಕ್ಕುತ್ತಿದ್ದವು.

ಊರಿನ ಸಾಲೆಯಲ್ಲಿ ನಾನಾಗ ಎಂಟನೆಯ ಇಯತ್ತೆ. ವಿಜ್ಞಾನದ ಮಾಸ್ತರು ಒಂದು ದಿನ ಹಲಗೆಯ ಮೇಲೆ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಎಂದು ಒಂದರ ಕೆಳಗೊಂದು ಬರೆದರು. "ಇವು ಒಂದ ಮನಿತನದವು. ಒಬ್ಬೊಬ್ಬರಿಗೂ ಒಂದೊಂದ ಎಲೆಕ್ಟ್ರಾನ್ ಕಡಿಮಿ. ಅದಕ್ಕ ಸಿಕ್ಕವರ ಕಡಿಂದ ಕಸಗೋತಾವ. ಎಲ್ಲಾರಕಿಂತ ಜೋರ ಫ್ಲೋರಿನ್. ನೀರು ಸೈತ ಅದರಾಗ ಉರೀತೈತಿ" ಎಂದರು. ಮುಂದಿನ ಸಾಲಿನ ಹುಡುಗಿ, "ಹಂಗಾರ ಅದನ್ನ ಯಾವುದರಾಗ ಇಡತಾರ್ರಿ ಸರ್?" ಎಂದು ಕೇಳಿದಳು. ಮಾಸ್ತರು ಸೀಮೆಸುಣ್ಣ ಕೆಳಗಿಟ್ಟರು. "ಅದನ್ನ ಹಿಡೀಲಿಕ್ಕೆ ಹೋಗಿ ಸತ್ತವರದಾರ. ಅದು ಲೋಕದಾಗ ಒಂಟಿ ಸಿಗೋದ ಇಲ್ಲ, ಯಾರನ್ನರ ಹಿಡಕೊಂಡ ಇರತೈತಿ. ಹಿಡಕೊಂಡ ಮ್ಯಾಲೆ ತಣ್ಣಗ." ಆಮೇಲೆ ನನ್ನ ಕಡೆ ಬೆರಳು ಮಾಡಿದರು. "ಅದರ ತಮ್ಮ ಇವರ ಮನ್ಯಾಗ ಅದಾನ ನೋಡ್ರಿ, ಕ್ಲೋರಿನ್. ಪುಡಿಯೊಳಗ ಕಟ್ಟಿ ಹಾಕ್ಯಾರ. ಆಸಿಡ್ ಬಿತ್ತಂದ್ರ ಹಗ್ಗ ಬಿಚ್ಚಿದಂಗ." ತರಗತಿ ನಕ್ಕಿತು. ನಾನು ತಲೆ ತಗ್ಗಿಸಿದೆ. ನೂಲಿನ ಬಣ್ಣವನ್ನು ತಿನ್ನುವುದು ಅವನೇ ಎಂದು ಅಂದು ತಿಳಿಯಿತು. ನಾವು ಉಸಿರಾಡುವ ಆಮ್ಲಜನಕಕ್ಕೂ ಅದೇ ಕಸಿಯುವ ಗುಣ, ಕಬ್ಬಿಣಕ್ಕೆ ಜಂಗು ಹಿಡಿಸುವುದೂ ಅದೇ ಎಂದು ಮಾಸ್ತರು ಹೇಳಿದ ಮೇಲೆ, ಎಷ್ಟೋ ದಿನ ಉಸಿರು ಎಳೆದುಕೊಳ್ಳಲೂ ಹೆದರಿದೆ. ಹಿತ್ತಲಿನ ಪುಡಿಯ ಚೀಲದ ಹತ್ತಿರ ಹಾಯುವಾಗ ಕಾಲು ತಾನಾಗಿಯೇ ಬೇಗ ಬೇಗ ನಡೆಯುತ್ತಿತ್ತು.

ಅದಾಗಿ ಕೆಲವು ವಾರಕ್ಕೆ ಅಪ್ಪ, ಅವ್ವ, ಕಾಕಾ ಮೂವರೂ ದೇವಿಗೆ ನಡೆದುಕೊಳ್ಳಲು ಸಿರಸಂಗಿಗೆ ಹೋದರು. ಮನೆಯಲ್ಲಿ ಮುತ್ಯಾ, ಚಿಗವ್ವ, ನಾನು. ಮಧ್ಯಾಹ್ನ ಸಾಲೆಯಿಂದ ಬಂದಾಗ ಚಿಗವ್ವನ ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು. ಹಿತ್ತಲಿನ ತೊಟ್ಟಿ ಬಿರುಕು ಬಿಟ್ಟು ನೀರು ಸೋರಿಹೋಗುತ್ತಿತ್ತಂತೆ. ನೂಲು ಅರ್ಧಕ್ಕೆ ಕೆಡಬಾರದೆಂದು ಪುಡಿಯ ನೀರನ್ನೂ ಲಡಿಗಳನ್ನೂ ಕೊಡದಲ್ಲಿ ಹೊತ್ತು ಒಳಕೋಣೆಯ ತೊಟ್ಟಿಗೆ ಹಾಕಿದ್ದಳು. "ಓಡಿ ಹೋಗಿ ಮುತ್ಯಾಗ ಹೇಳವ್ವ, ಒಳಗಿನ ತೊಟ್ಟ್ಯಾಗ ಪುಡಿ ನೀರೈತಿ, ಆಸಿಡ್ ಹಾಕಬ್ಯಾಡ ಅಂತ. ಲಗೂನ ಹೋಗು" ಎಂದಳು.

ಪಡಸಾಲೆಗೆ ಹೋದೆ. ಮುತ್ಯಾನ ಎದುರು ಯರಗಟ್ಟಿಯ ವ್ಯಾಪಾರಿಯೊಬ್ಬ ಕುಳಿತಿದ್ದ. ದೊಡ್ಡ ಮೀಸೆಯ, ಜೋರಾಗಿ ನಗುವ ಮನುಷ್ಯ. ನನ್ನನ್ನು ಕಂಡು, "ಯಾರಿಕಿ, ಮೊಮ್ಮಗಳೇನ್ರಿ? ಏನ್ ಬೇಕವ್ವಾ?" ಎಂದ. ನಾನು ಕಂಬದ ಮರೆಗೆ ಸರಿದೆ. ಅವನು ಎದ್ದು ಹೋದ ಕೂಡಲೆ ಹೇಳೋಣ ಎಂದುಕೊಂಡೆ. ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಎರಡು ಸಲ, ಮೂರು ಸಲ ಹೇಳಿಕೊಂಡೆ. ಆದರೆ ಅವನು ಹೋಗಲಿಲ್ಲ. ಇಬ್ಬರೂ ಕೂಡಿಯೇ ಎದ್ದರು. "ಬರ್ರಿ ಸಾವಕಾರ್ರ, ಹಾಲಿನಂಥಾ ಬಿಳುಪು ತೋರಸ್ತೇನಿ" ಎಂದು ಮುತ್ಯಾ ಅವನನ್ನು ಒಳಕೋಣೆಗೆ ಕರೆದುಕೊಂಡು ಹೋದ. ಒಳಗಿನ ತೊಟ್ಟಿಯಲ್ಲಿ ಲಡಿ ಮುಳುಗಿವೆ ಎಂದರೆ ತೊಳೆದದ್ದು ಮುಗಿದಿದೆ ಎಂದೇ ಅವನ ಲೆಕ್ಕ. ಅವನು ಜಾಡಿಯ ಬಿರಡೆ ತೆಗೆದದ್ದು ಅಡಿಗೆ ಮನೆಯ ಬಾಗಿಲಿನಿಂದ ಚಿಗವ್ವನಿಗೆ ಕಂಡಿತು. ಅವಳು ಎರಡೂ ಕೈ ಎತ್ತಿ ಬಳೆ ಬಾರಿಸಿದಳು. ಮತ್ತೆ ಬಾರಿಸಿದಳು. ಒಂದು ಬಳೆ ಒಡೆದು ನೆಲಕ್ಕೆ ಬಿತ್ತು. ಮುತ್ಯಾ ತಿರುಗಿ ನೋಡದೆ, "ಚಾ ಆಮ್ಯಾಲೆ ತರ್ರಿ" ಎಂದ. ಸುರಿದ.

ಮೊದಲು ನೀರು ಕುದಿಯುವಂಥ ಸಣ್ಣ ಸದ್ದು. ಆಮೇಲೆ ತೊಟ್ಟಿಯ ಅಂಚಿನಿಂದ ಹಳದಿ ಹಸಿರು ಹೊಗೆ ಕೆಳಗಿಳಿದು, ನೆಲದ ಮೇಲೆ ಹರಿಯುತ್ತ ಬಾಗಿಲ ಕಡೆ ಬಂತು. ಹೊಗೆ ಮೇಲಕ್ಕೆ ಹೋಗುತ್ತದೆ ಎಂದಷ್ಟೇ ನನಗೆ ಗೊತ್ತಿತ್ತು. ನೆಲ ಹಿಡಿದು ಬರುವ ಹೊಗೆ ನೋಡಿದ್ದು ಅದೇ ಮೊದಲು. ವ್ಯಾಪಾರಿ ಕೆಮ್ಮುತ್ತ, ಮುಗ್ಗರಿಸುತ್ತ ಹೊರಗೆ ಓಡಿದ. ಮುತ್ಯಾನಿಗೆ ವಾಸನೆ ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ಎದೆ ಹಿಡಿದುಕೊಂಡು ಕುಸಿದು ಕುಳಿತಿದ್ದ. ಆಗ ಆ ಮನೆ ಎಂದೂ ಕೇಳದ ದನಿಯೊಂದು ಕೇಳಿತು. "ಮಾವಾರ! ಹೊರಗ ಬರ್ರಿ! ಮಾವಾರ!" ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ನುಗ್ಗಿದಳು. ಆ ಮುದುಕನ ತೋಳಿಗೆ ಕೈಹಾಕಿ ಹೊಸ್ತಿಲು ದಾಟಿಸಿ ಎಳೆದುಕೊಂಡು ಬಂದಳು. ಒಳಗೆ ಹೋದ ಮೇಲೂ ಕೂಗಿ ಕರೆಯಲು ಸೆರಗನ್ನು ಬಾಯಿಂದ ತೆಗೆದಿದ್ದಳಲ್ಲ, ಆಗಲೇ ಆ ಹೊಗೆ ಅವಳ ಎದೆಗಿಳಿದಿತ್ತು. ನಾನು ಕಂಬ ಬಿಟ್ಟು ಕದಲಿರಲಿಲ್ಲ.

ವ್ಯಾಪಾರಿಯ ಟೆಂಪೋದಲ್ಲೇ ಇಬ್ಬರನ್ನೂ ರಾಮದುರ್ಗದ ದವಾಖಾನೆಗೆ ಒಯ್ದರು. ಕೆಲವು ದಿನಕ್ಕೆ ಇಬ್ಬರೂ ಮನೆಗೆ ಬಂದರು. ಆ ಸಂಜೆ ಮನೆಯವರೆಲ್ಲ ಕುಳಿತಿದ್ದಾಗ ಮುತ್ಯಾ ಸೊಸೆಯನ್ನು ಎದುರಿಗೆ ಕರೆದು ಕೂಡಿಸಿದ. "ಇನ್ನ ಮ್ಯಾಲೆ ಈ ಮನ್ಯಾಗ ಬಳಿ ಬಾರಸೂದು ಬ್ಯಾಡವ್ವ. ಬಾಯಿಲೆ ಹೇಳು" ಎಂದ. ಆಮೇಲೆ, "ಆದ್ರ ಹುಡುಗಿ ಕೈಲೆ ಯಾಕ ಹೇಳಿ ಕಳಸಲಿಲ್ಲ?" ಎಂದು ಕೇಳಿದ. ಚಿಗವ್ವ ನನ್ನ ಕಡೆ ಒಮ್ಮೆ ನೋಡಿದಳು. ಅವಳ ದನಿ ಒಡೆದಿತ್ತು, ಗರಗಸದಂತೆ ಕೇಳುತ್ತಿತ್ತು. "ಮರತ್ನಿರಿ ಮಾವಾರ" ಎಂದಳು. ಕಾಕಾ ಹಲ್ಲು ಕಡಿದ. "ಇಂಥಾದ ಮರೀತಾರೇನ?" ಎಂದು ಅವ್ವನೂ ಅಂದಳು. ಆಮೇಲೆ ಮುತ್ಯಾ ಕೆಮ್ಮಿದಾಗಲೆಲ್ಲ ಆ ಮಾತು ಬರುತ್ತಿತ್ತು. ಚಿಗವ್ವ ತಲೆತಗ್ಗಿಸಿ ಕೇಳುತ್ತಿದ್ದಳು. ನಾನೂ ಕೇಳುತ್ತಿದ್ದೆ.

ಮುತ್ಯಾ ಎರಡು ಮಳೆಗಾಲ ಬದುಕಿದ. ಬಣ್ಣದ ಕೆಲಸ ನಿಂತಿತು. ಆ ವರ್ಷವೇ ನನ್ನ ಸಾಲೆಯೂ ನಿಂತಿತು, ಹದಿನೇಳಕ್ಕೆ ಮದುವೆಯಾಗಿ ಸವದತ್ತಿಗೆ ಹೋದೆ. ಚಿಗವ್ವನಿಗೆ ಆಮೇಲೆ ಉಸಿರು ಪೂರಾ ಬರಲೇ ಇಲ್ಲ. ಒಂದು ಕೊಡ ನೀರು ತರಲು ಮೂರು ಕಡೆ ಕೂರುತ್ತಿದ್ದಳು. ನಿಮ್ಮ ಅವ್ವ ಒಂದನೆಯ ಇಯತ್ತೆಗೆ ಹೋಗುತ್ತಿದ್ದಾಗ, ಚಿಗವ್ವ ಹಾಸಿಗೆ ಹಿಡಿದಿದ್ದಾಳೆಂದು ಕೇಳಿ ಸವದತ್ತಿಯಿಂದ ಬಸ್ಸು ಹತ್ತಿ ಹೋದೆ. ಈ ಸಲ ಎಲ್ಲರ ಮುಂದೆ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೋದರೆ ಕೋಣೆಯ ತುಂಬ ಮಂದಿ. ಅವಳ ಕಾಲ ಬಳಿ ಕುಳಿತು ಪಾದ ತಿಕ್ಕಿದೆ, ಅಷ್ಟೇ. ಹೊರಡುವಾಗ ಅವಳು ನನ್ನ ಕೆನ್ನೆ ಸವರಿ, "ಮಗಳಿಗೆ ಮಾತಾಡಾಕ ಕಲಸು" ಎಂದಳು. ಮುಂದಿನ ವಾರ ಸುದ್ದಿ ಬಂತು.

ಈಗ ಆ ಮನೆಯಿಲ್ಲ, ಅದನ್ನು ಕೆಡವಿ ಯಾರೋ ಗೋದಾಮು ಕಟ್ಟಿದ್ದಾರೆ. ಆ ದಿನ ಮನೆಯಲ್ಲಿದ್ದ ನಾವು ಮೂವರಲ್ಲಿ ಉಳಿದಿರುವವಳು ನಾನೊಬ್ಬಳೇ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ, ಮಕ್ಕಳೇ. ಚಿಗವ್ವ ಮರೆತಿರಲಿಲ್ಲ ಎಂಬುದು ಇವುಗಳಲ್ಲಿ ಬಿಟ್ಟರೆ ಬೇರೆಲ್ಲೂ ಬರೆದಿಲ್ಲ.