ಒಂದನ್ನು ಗುರುತಿಸಿ

ಹೋದ ವಾರ ಪಲ್ಲವಿ ಶಹಾಪುರದ ಕಾಲೇಜಿನಿಂದ ಒಂದು ಮಡಿಚಿದ ಹಾಳೆ ತಂದಳು. ಹೊಸ ಅಚ್ಚಿನ ವಾಸನೆ ಇನ್ನೂ ಹೋಗಿರಲಿಲ್ಲ. ಬಿಡಿಸಿದರೆ ಒಳಗೆ ಆರು ಚೌಕ, ಒಂದೊಂದು ಚೌಕದಲ್ಲಿ ಐದಾರು ವಿಷಯಗಳ ಹೆಸರು.

"ಅಜ್ಜಿ, ಬಿಬಿಎದಾಗ ಏನೇನಿರ್ತದ ಅಂತ ತಿಳೀವಲ್ದು" ಅಂದಳು.

ಅಡುಗೆಮನೆಯಿಂದ ಅವಳ ಅವ್ವ, "ಅಜ್ಜಿಗೇ ಕೇಳು, ಆಕಿಗಿ ಬಾಯಿಪಾಠ ಅದ" ಎಂದು ನಕ್ಕಳು.

ಹಳ್ಳಿ ಸಾಲೆಯಲ್ಲಿ ಏಳನೇ ತರಗತಿ ಓದಿದ ಅಜ್ಜಿಗೆ ಬಿಬಿಎ ಬಾಯಿಪಾಠ ಅಂದರೆ ಚೇಷ್ಟೆ ಅನ್ನಿಸುವುದು ಸಹಜ. ಪಲ್ಲವಿಗೂ ಹಾಗೇ ಅನ್ನಿಸಿತು. ಚೇಷ್ಟೆಯಲ್ಲ. ಆದರೆ ಕೂತು ಹೇಳುವುದು ನನ್ನಿಂದ ಆಗುವ ಕೆಲಸವಲ್ಲ, ಎದುರಿಗೆ ಮೊಮ್ಮಕ್ಕಳು ಇದ್ದರೂ ನನಗೆ ನಾಚಿಕೆ. ಆದ್ದರಿಂದ ಪಲ್ಲವಿಗೂ ಅವಳ ತಮ್ಮನಿಗೂ, ನಿಮ್ಮಿಬ್ಬರಿಗೂ ಬರೆದು ಕೊಡುತ್ತಿದ್ದೇನೆ.

ಮೂರು ವರ್ಷ, ವರ್ಷಕ್ಕೆ ಎರಡು ಸೆಮಿಸ್ಟರ್. ಮೊದಲ ವರ್ಷ ಬುನಾದಿ: ಮ್ಯಾನೇಜ್‌ಮೆಂಟ್ ಅಂದರೇನು, ಲೆಕ್ಕಶಾಸ್ತ್ರ, ಅರ್ಥಶಾಸ್ತ್ರ, ಜೊತೆಗೆ ಕನ್ನಡ, ಇಂಗ್ಲಿಷ್. ಎರಡನೇ ವರ್ಷ ಮಾರ್ಕೆಟಿಂಗ್, ವ್ಯಾಪಾರದ ಕಾನೂನು, ಸಂಖ್ಯಾಶಾಸ್ತ್ರ, ಜನರ ಕೈಯಿಂದ ಕೆಲಸ ಮಾಡಿಸುವ ವಿಷಯ. ಕನ್ನಡ ಅಲ್ಲಿಗೆ ಮುಗಿಯುತ್ತದೆ. ಮುಂದೆ ಬೇಕಾಗುವುದಿಲ್ಲ ಅಂತ ಅವರ ಅಂದಾಜು ಇರಬೇಕು. ಮೂರನೇ ವರ್ಷ ಐಚ್ಛಿಕ. ಹಣಕಾಸು, ಮಾರ್ಕೆಟಿಂಗ್, ಮಾನವ ಸಂಪನ್ಮೂಲ, ಇದರಲ್ಲಿ ತನಗೆ ಬೇಕಾದದ್ದನ್ನು ಹುಡುಗಿಯೇ ಆರಿಸಿಕೊಳ್ಳಬೇಕು. ಕೊನೆಯ ಸೆಮಿಸ್ಟರಿನಲ್ಲಿ ಒಂದು ತಿಂಗಳು ಯಾವುದಾದರೂ ಸಂಸ್ಥೆಗೆ ಹೋಗಿ ಕೆಲಸ ಕಲಿತು, ವರದಿ ಬರೆದು, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಅದನ್ನು ಬಾಯಲ್ಲಿ ಹೇಳಬೇಕು. ಅಂಕಗಳೂ ಎರಡು ಥರ. ಪರೀಕ್ಷೆ ಬರೆದು ಪಡೆಯುವುದು ಒಂದು, ಕಾಲೇಜಿನವರು ದಿನಾ ನೋಡಿ ಕೊಡುವ ಒಳಗಿನ ಅಂಕ ಇನ್ನೊಂದು. ಸೊಸೆಯಾಗಿ ಬಾಳಿದವರಿಗೆ ಈ ಪದ್ಧತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಅವ್ವ ಓದುವಾಗ ಅದಕ್ಕೆ ಬಿಬಿಎಂ ಅನ್ನುತ್ತಿದ್ದರು. ಈಗ ಕೊನೆಯ ಅಕ್ಷರ ಬದಲಾಗಿದೆ, ನಾಲ್ಕನೇ ವರ್ಷವನ್ನೂ ಓದಬಹುದಂತೆ. ಆ ನಾಲ್ಕನೇ ವರ್ಷದ ಬಗ್ಗೆ ನನ್ನನ್ನು ಕೇಳಬೇಡಿ.

ನಿಮ್ಮ ಅವ್ವ ನಾಗವೇಣಿ ಈ ಮನೆಗೆ ಬಂದದ್ದು ನಾಲ್ಕು ಸೆಮಿಸ್ಟರ್ ಮುಗಿಸಿ. ಮದುವೆಯ ಮಾತುಕತೆಗೆ ಕಕ್ಕೇರಾದಿಂದ ಬಂದ ಅವಳ ಅಪ್ಪ ಕೇಳಿದ್ದು ಒಂದೇ ಮಾತು: "ಅಕ್ಕೋರೆ, ಇನ್ನೆರಡು ಸೆಮಿಸ್ಟರ್ ಉಳದಾವ. ಓದಸ್ತೀರೇನು?"

ನಾನು ತಲೆಯಾಡಿಸಿದೆ. ಮಾತು ಕೊಟ್ಟೆ ಎಂದು ಹೇಳಲಾಗದು, ಮಾತೇ ಆಡಿರಲಿಲ್ಲ. ಆದರೆ ನಾನು ತಲೆಯಾಡಿಸಿದ್ದನ್ನು ಹತ್ತು ಮಂದಿ ನೋಡಿದ್ದರು.

ತಲೆಯಾಡಿಸುವುದು ನನಗೆ ರೂಢಿ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಸುರಪುರದ ನಮ್ಮ ಓಣಿಯ ಹಿಟ್ಟಿನ ಗಿರಣಿಯನ್ನು ನಾನೇ ನಡೆಸಿದೆ. ನಾಚಿಕೆ ಸ್ವಭಾವದವರಿಗೆ ಅದಕ್ಕಿಂತ ಒಳ್ಳೆಯ ಉದ್ಯೋಗ ಇಲ್ಲ. ಮೋಟಾರು ಶುರುವಾದರೆ ಯಾರೂ ಮಾತಾಡುವುದಿಲ್ಲ, ಆಡಿದರೂ ಕೇಳುವುದಿಲ್ಲ. ಬಂದವರು ಡಬ್ಬಿ ಇಡುತ್ತಾರೆ. ನಾನು ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, ಸಣ್ಣಗಾಗಿದ್ದರೆ ತಲೆಯಾಡಿಸುತ್ತೇನೆ. ಹಿಟ್ಟಿಗಾಗಲಿ ಮನುಷ್ಯರಿಗಾಗಲಿ ಇನ್ನೇನು ಹೇಳಬೇಕು ಅಂತ ನನಗೆ ತಿಳಿದಿರಲಿಲ್ಲ. ಜೊತೆಗೆ ಕೆಲಸಕ್ಕೆ ಶರಣಮ್ಮ ಇದ್ದಳು. ನನ್ನ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದಳು.

ಕೊನೆಯ ಸೆಮಿಸ್ಟರು ಬಂತು. ಜೊತೆಯವರು ಕೆಲಸ ಕಲಿಯಲು ಬ್ಯಾಂಕು, ಯಾದಗಿರಿಯ ಕಾರ್ಖಾನೆ ಅಂತ ಹೋದರು. ನಾಗವೇಣಿಗೆ ಐದು ತಿಂಗಳು, ಪಲ್ಲವಿ ಹೊಟ್ಟೆಯಲ್ಲಿದ್ದಳು. ದಿನಾ ಅಷ್ಟು ದೂರದ ಬಸ್ಸು ಬೇಡವೆಂದು ಡಾಕ್ಟರು ಹೇಳಿದ್ದರು. ಗಿರಣಿಗೆ ಲೈಸನ್ಸ್ ಇದ್ದುದರಿಂದ ಅದೂ ಒಂದು ಸಂಸ್ಥೆಯೇ ಅಂತ ಕಾಲೇಜಿನವರು ಒಪ್ಪಿದರು. ನನ್ನ ಸೊಸೆ ಹೀಗೆ ನನ್ನ ಕೈಕೆಳಗೆ ತರಬೇತಿಗೆ ಸೇರಿದಳು. ಅಡುಗೆಮನೆಯಿಂದ ಗಿರಣಿಗೆ ಹದಿನಾಲ್ಕು ಹೆಜ್ಜೆ.

ಮೊದಲ ದಿನ ಒಂದು ನಕ್ಷೆ ಬರೆದಳು. ಮೇಲಿನ ಚೌಕದಲ್ಲಿ ನಾನು, ಕೆಳಗಿನ ಚೌಕದಲ್ಲಿ ಶರಣಮ್ಮ.

"ನಾ ಯಾಕವಾ ಕೆಳಗ?" ಅಂದಳು ಶರಣಮ್ಮ.

"ಅದು ಹಂಗೇ ಇರ್ತದವ್ವ. ಮ್ಯಾಲ ಮಾಲಕರು, ಕೆಳಗ ಕೆಲಸದವರು."

"ಮೋಟಾರಿನ ಪಟ್ಟಾ ಕಳಚಿದ್ರ ಏರಸಾಕಿ ಯಾರು? ನಿಮ್ಮತ್ತಿ ಏರಸ್ತಾಳೇನು? ಮೋಟಾರಿಗೂ ನಾಚ್ಕೊಂತಾಳ ಆಕಿ."

ವರದಿಯಲ್ಲಿ ಕೊನೆಗೆ ನಮ್ಮಿಬ್ಬರ ಚೌಕ ಅಕ್ಕಪಕ್ಕ ಬಂದವು. ಪರೀಕ್ಷಕರು ಇದು ಯಾವ ಮಾದರಿಯ ಆಡಳಿತ ಎಂದು ಕೇಳಿದರಂತೆ.

ಆ ಒಂದು ತಿಂಗಳಲ್ಲಿ ನಾಗವೇಣಿ ಗಿರಣಿಗೆ ಒಂದು ದೊಡ್ಡ ಉಪಕಾರ ಮಾಡಿದಳು. ಒಬ್ಬರ ಒಣಮೆಣಸಿನಕಾಯಿ ಬೀಸಿದ ಮೇಲೆ ಯಾರ ಜೋಳ ಬಂದರೂ ಅವರ ಮನೆಯಲ್ಲಿ ಅವತ್ತು ರೊಟ್ಟಿ ಖಾರ. ಈ ಜಗಳ ಗಿರಣಿಯಷ್ಟೇ ಹಳೆಯದು. ಅವಳು ಖಾರಕ್ಕೆ ಶನಿವಾರ ಮಧ್ಯಾಹ್ನ ಅಂತ ಗೊತ್ತು ಮಾಡಿ, ಬಾಗಿಲಿಗೆ ಹಲಗೆ ಬರೆದು ಹಾಕಿದಳು. ಎರಡು ವಾರದಲ್ಲಿ ಜಗಳ ನಿಂತಿತು. ಓಣಿಯ ಹೆಂಗಸರು ನನ್ನ ಸೊಸೆಯನ್ನು ಹೊಗಳುವಾಗ ನಾನು ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದೆ. ಮೋಟಾರು ನಡೆಯುತ್ತಿತ್ತು.

ತಿಂಗಳ ಕೊನೆಗೆ ಕಾಲೇಜಿನಿಂದ ಒಂದು ಲಕೋಟೆ ಬಂತು. ವಿದ್ಯಾರ್ಥಿ ಕೆಲಸ ಹೇಗೆ ಮಾಡಿದಳು ಎಂದು ಸಂಸ್ಥೆಯ ಮಾಲಕರು ಗುಟ್ಟಾಗಿ ತುಂಬಿ, ಅಂಟಿಸಿ ಕಳಿಸಬೇಕಾದ ಫಾರ್ಮು. ಇಂಗ್ಲಿಷಿನಲ್ಲಿದ್ದರೆ ಯಾರ ಕೈಯಿಂದಲಾದರೂ ಓದಿಸುತ್ತಿದ್ದೆ, ತಪ್ಪಾಗುತ್ತಿರಲಿಲ್ಲ. ಮಾಲಕರಿಗೆ ಇಂಗ್ಲಿಷ್ ಬಾರದೆಂದು, ತರಬೇತಿ ನೋಡಿಕೊಳ್ಳುವ ಕಾಲೇಜಿನ ಮೇಡಂ ಕನ್ನಡದಲ್ಲಿ ಮಾಡಿ ಕಳಿಸಿದ್ದರು. ಅದರಿಂದಲೇ ಕೆಟ್ಟಿತು.

ಐದು ಸಾಲುಗಳಿದ್ದವು. ಸಮಯಪಾಲನೆ. ಕಲಿಯುವ ಆಸಕ್ತಿ. ಇತರರೊಡನೆ ಹೊಂದಾಣಿಕೆ. ಸ್ವಂತ ಬುದ್ಧಿಯಿಂದ ಕೆಲಸ ಮಾಡುವುದು. ಪ್ರಾಮಾಣಿಕತೆ. ಒಂದೊಂದರ ಮುಂದೆಯೂ ಒಂದರಿಂದ ಐದರವರೆಗೆ ಅಂಕಿಗಳು. ಮೇಲೆ ದಪ್ಪ ಅಕ್ಷರದಲ್ಲಿ, "1 ರಿಂದ 5ರೊಳಗೆ ಒಂದನ್ನು ಗುರುತಿಸಿ."

ನಮ್ಮ ಸಾಲೆಯಲ್ಲಿ ಚೆನ್ನಾಗಿ ಓದಿದವರಿಗೆ ಒಂದನೇ ನಂಬರು, ನನ್ನಂಥವರಿಗೆ ಐದು, ಆರು. ಫಾರ್ಮಿನಲ್ಲೂ ಒಂದನ್ನೇ ಗುರುತಿಸಿ ಅಂತ ಬರೆದಿದೆ. ಒಳ್ಳೆಯ ಸೊಸೆಯಂದಿರಿಗೆ ಏನು ಹಾಕಬೇಕು ಅಂತ ಅವರೇ ಹೇಳಿಕೊಟ್ಟ ಹಾಗಾಯಿತು. ಐದೂ ಕಡೆ ಒಂದಕ್ಕೆ ಸುತ್ತು ಹಾಕಿದೆ. ಕೆಳಗೆ ಸಹಿ ಮತ್ತು ಮೊಹರು ಅಂತಿತ್ತು. ಸಹಿ ಮಾಡಿ, ಪಕ್ಕದಲ್ಲಿ "ಮೊಹರು ಇಲ್ಲ" ಅಂತ ಬರೆದೆ. ಅಂಟು ಹಚ್ಚಿ ಕಳಿಸಿದೆ.

ಸ್ವಲ್ಪ ದಿನದ ಮೇಲೆ ನಾಗವೇಣಿ ಶಹಾಪುರಕ್ಕೆ ಹೋಗಿ ಬಂದಳು. ಅವತ್ತಿನಿಂದ ಮನೆಯಲ್ಲಿ ಏನೋ ಬದಲಾಯಿತು. ಜಗಳವಿಲ್ಲ, ಅಳುವಿಲ್ಲ, ಗಂಡನ ಹತ್ತಿರವೂ ಏನೂ ಹೇಳಿಲ್ಲ. ನನಗೆ ಚಹಾ ಹೊರಗಿನವರಿಗೆ ಕೊಟ್ಟ ಹಾಗೆ ಬಸಿ ಸಮೇತ ಬರತೊಡಗಿತು. "ಅತ್ತಿ" ಹೋಗಿ "ಅತ್ತೀರಿ" ಆಯಿತು. ಬಸುರಿ ಹೆಂಗಸು, ಏನೋ ಸಂಕಟ ಇರಬೇಕು ಅಂತ ಸುಮ್ಮನಿದ್ದೆ. ಕೇಳಬಹುದಿತ್ತು. ಕೇಳಲಿಲ್ಲ.

ಎಂಟನೇ ದಿನ ಗಿರಣಿಯಲ್ಲಿ ಹತ್ತು ಡಬ್ಬಿಗಳು ಸಾಲಿನಲ್ಲಿದ್ದವು. ಶರಣಮ್ಮ ನನ್ನ ಕಿವಿಯ ಹತ್ತಿರ ಬಂದು ಮೋಟಾರಿನ ಸದ್ದು ಮೀರಿಸಿ ಕೂಗಲು ಬಾಯಿ ತೆರೆದಳು. ಅದೇ ಗಳಿಗೆಗೆ ಕರೆಂಟು ಹೋಯಿತು.

"ಬಸುರಿ ಸೊಸಿನ್ನ ಫೇಲ್ ಮಾಡಿ ಇಲ್ಲಿ ಹಿಟ್ಟು ಬೀಸಾಕತ್ತೀಯೇನ ಯಕ್ಕಾ!"

ಮಾತು ಓಣಿಗೆಲ್ಲ ಕೇಳಿಸಿತು. ಸಾಲಿನಲ್ಲಿದ್ದ ಒಬ್ಬಾಕೆ ತನ್ನ ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡಳು.

ನಾನು ಹಾಕಿದ ಅಂಕ ಕಾಲೇಜಿನಲ್ಲಿ ಗೊತ್ತಾಗಿ, ಶರಣಮ್ಮನ ಮುಂದೆ ನಾಗವೇಣಿ ಅತ್ತಿದ್ದಳು. ಫಾರ್ಮಿನಲ್ಲಿ ಐದು ಎಲ್ಲಕ್ಕಿಂತ ಮೇಲು, ಒಂದು ಎಲ್ಲಕ್ಕಿಂತ ಕಡಿಮೆ ಅಂತ ನನಗೆ ಗೊತ್ತಾದದ್ದು ಹಾಗೆ. ಆ ಭಾಗದಲ್ಲಿ ಫೇಲಾದರೆ ಮುಂದಿನ ವರ್ಷ ಮತ್ತೆ ಒಂದು ತಿಂಗಳು ತರಬೇತಿ, ಮತ್ತೆ ವರದಿ. ಕೈಯಲ್ಲಿ ಎಳೆಗೂಸು ಹಿಡಿದು ಯಾರು ಹೋಗುತ್ತಾರೆ? ಡಿಗ್ರಿ ಅಲ್ಲಿಗೇ ನಿಲ್ಲುತ್ತಿತ್ತು. ಅಂಕಗಳು ನಾಳೆ ಸಂಜೆ ವಿಶ್ವವಿದ್ಯಾಲಯಕ್ಕೆ ಹೋಗುತ್ತವಂತೆ.

ನಾನು ನಾಗವೇಣಿಗೆ ಹೇಳಿದ್ದು ಇಷ್ಟೇ: "ನಾಳಿ ಮುಂಜಾನಿ ಶಹಾಪುರಕ್ಕ ಹೋಗೂಣು." ಅಂಕಿಯ ವಿಷಯ ಬಾಯಿಗೆ ಬರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮೇಡಂಗೆ ಹೇಳಬೇಕಾದ ಮೂರು ವಾಕ್ಯಗಳನ್ನು ಮನಸ್ಸಿನಲ್ಲೇ ಜೋಡಿಸಿದೆ. ಕಾಲೇಜಿನ ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಮರೆತಿದ್ದವು. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ಒಳಗೆ ಹೋದೆ.

ಮೇಡಂ ಸಣ್ಣ ವಯಸ್ಸಿನವರು. "ಕೂಡ್ರಿ ಅಮ್ಮಾ. ಅತ್ತಿ-ಸೊಸಿ ನಡುವ ಏನರ ಇದ್ರ ಮನ್ಯಾಗ ಬಗಿಹರಿಸ್ಕೋಬೇಕ್ರಿ. ಹುಡುಗಿ ಮಾರ್ಕ್ಸ್ ಮ್ಯಾಲ ತೀರಿಸಬಾರದು" ಅಂದರು.

"ಒಂದನ್ನ ಗುರುತಿಸಿ ಅಂತ ನೀವೇ ಬರದೀರಲ್ಲರಿ" ಅಂದೆ. ಉಳಿದಿದ್ದ ವಾಕ್ಯ ಅದೊಂದೇ.

ಮೇಡಂ ಫಾರ್ಮು ತೆಗೆದು ಓದಿದರು. ಇನ್ನೊಮ್ಮೆ ಓದಿದರು. ಪಕ್ಕದ ಮೇಜಿನ ಸರ್ ಅವರಿಗೆ ಕೊಟ್ಟರು, ಅವರೂ ಓದಿದರು.

"ನಮ್ಮ ಸಾಲ್ಯಾಗ ಒಂದನೇ ನಂಬರ ಅಂದ್ರ ಎಲ್ಲಾರಕಿಂತ ಶಾಣ್ಯಾರಿಗಿ ರಿ" ಅಂದೆ. ಮರೆತಿದ್ದದ್ದರಲ್ಲಿ ಒಂದು ನೆನಪಾಗಿತ್ತು.

ಸರ್ ಕೆಮ್ಮಿದರು. ಮೇಡಂ ಹೊಸ ಫಾರ್ಮು ಕೊಟ್ಟರು. ನಾಲ್ಕು ಸಾಲುಗಳಿಗೆ ಐದು ಹಾಕಿದೆ. ಸಮಯಪಾಲನೆಯ ಮುಂದೆ ಪೆನ್ನು ನಿಂತಿತು. ಆರಕ್ಕೆ ಗಿರಣಿಗೆ ಬಾ ಅಂದರೆ ಆರೂವರೆ ಮಾಡುತ್ತಿದ್ದಳು. ನಾಲ್ಕು ಹಾಕಿದೆ.

"ಐದೇ ಕೊಡಬಹುದಿತ್ತಲ್ರಿ ಅಮ್ಮಾ" ಅಂದರು ಮೇಡಂ.

"ಕೊಡಬಹುದಿತ್ರಿ" ಅಂದೆ.

ಮೇಡಂ ಹೊರಗೆ ಬಂದು ನಾಗವೇಣಿಗೆ ಎಲ್ಲ ಹೇಳಿದರು. ನಾನು ಗೋಡೆಯ ಮೇಲಿನ ವೇಳಾಪಟ್ಟಿಯನ್ನು ನೋಡುತ್ತ ನಿಂತಿದ್ದೆ. ವಾಪಸ್ ಬರುವಾಗ ಬಸ್ಸು ಭೀಮರಾಯನಗುಡಿ ದಾಟಿತು. ಆಮೇಲೆ ನಾನೇ ಕೇಳಿದೆ.

"ಎಂಟು ದಿನ ಬಾಯಿ ಬಿಡಲಿಲ್ಲಲ್ಲವಾ. ಯಾಕ್ ಹಿಂಗ ಮಾಡಿದ್ರಿ ಅಂತ ಒಂದ್ ಮಾತು ಕೇಳಬಾರದಿತ್ತೇನು?"

"ಹ್ಯಾಂಗ ಕೇಳ್ಲಿ ಅತ್ತಿ? ಹೊಂದಾಣಿಕಿಗೆ ಒಂದು ಕೊಟ್ಟಿದ್ರಿ. ಕೇಳಿ ಜಗಳಾಡಿದ್ರ ಅದು ಖರೇನೇ ಆಗ್ತಿತ್ತು."

ನನಗೆ ನಗು ಬಂತು. ಅವಳು ನಗಲಿಲ್ಲ.

"ನೀ ಅದು ಖರೇ ಅಂತ ನಂಬಿದ್ದೇನು?"

ಅವಳು ಕಿಟಕಿಯ ಕಡೆ ತಿರುಗಿದಳು. "ನಂಬಿದ್ದೆ ರಿ. ಬಂದು ವರ್ಷ ಆತು, ನೀವು ಒಮ್ಮಿನೂ ಛಲೋ ಅಂದಿಲ್ಲ, ಕೆಟ್ಟ ಅಂದಿಲ್ಲ. ಮನಸ್ಸಿನಾಗ ಇದೇ ಇತ್ತೇನೋ ಅನ್ಕೊಂಡೆ."

ಸುರಪುರದಲ್ಲಿ ಇಳಿಯುವಾಗ ಅವಳ ಚೀಲವನ್ನು ನಾನೇ ಎತ್ತಿಕೊಂಡೆ.

ಅವಳು ಪಾಸಾದಳು. ಕಾಲೇಜಿನವರು ಆ ವಾಕ್ಯ ತಿದ್ದಿ, "5 ಅಂದರೆ ಅತ್ಯುತ್ತಮ" ಅಂತ ಸೇರಿಸಿದರೆಂದು ಕೇಳಿದೆ. ನನ್ನಿಂದ ಆ ಡಿಗ್ರಿಗೆ ಆದ ಸುಧಾರಣೆ ಅದು. ನಾನು ಮಾತ್ರ ಇಷ್ಟು ವರ್ಷಗಳಲ್ಲಿ ಹೆಚ್ಚು ಸುಧಾರಿಸಲಿಲ್ಲ. ಅಡುಗೆ ಚೆನ್ನಾಗಿದ್ದರೆ ಇನ್ನೊಂದು ರೊಟ್ಟಿ ಕೇಳುತ್ತೇನೆ, ಅದರಿಂದ ತಿಳಿದುಕೊಳ್ಳಲಿ ಅಂತ.

ಇಲ್ಲಿಗೆ ಬರೆದು ನಿಲ್ಲಿಸಿದ್ದೆ. ಓದಿ ನೋಡಿದಾಗ ಒಂದು ಸಂಗತಿ ಕಂಡಿತು. ಎರಡನೇ ಫಾರ್ಮಿಗೆ ನಾನು ಯೋಚನೆ ಮಾಡಿ ಅಂಕಿ ಹಾಕಿದ್ದೆ. ಮೊದಲನೆಯದಕ್ಕೆ ಯೋಚನೆ ಮಾಡಿಯೇ ಇರಲಿಲ್ಲ, ಐದರಲ್ಲೂ ಅವಳೇ ಎಲ್ಲರಿಗಿಂತ ಮೇಲು ಅಂತ ಕೈ ತಾನಾಗೇ ಸುತ್ತು ಹಾಕಿತ್ತು. ಇದನ್ನು ನಿಮಗೆ ಬರೆಯುತ್ತಿದ್ದೇನೆ, ಕೇಳಬೇಕಾದವಳು ಮಾತ್ರ ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಚುತ್ತಿದ್ದಾಳೆ.

ಪೆನ್ನು ಇಟ್ಟು ಎದ್ದು ಹೋದೆ. ಬಾಗಿಲಲ್ಲಿ ನಿಂತು, "ನಾಗವೇಣಿ, ಅವಾಗ ಎಲ್ಲಾದಕೂ ಒಂದನೇ ನಂಬರ ಹಾಕಾಕ ನಾ ಒಂದು ಗಳಿಗಿನೂ ವಿಚಾರ ಮಾಡಿರಲಿಲ್ಲ ನೋಡವಾ" ಅಂದೆ.

ಅವಳ ಕೈ ನಿಂತಿತು.

"ಏನಂದ್ರಿ ಅತ್ತಿ?"

ಕೇಳಿಸಿತ್ತು ಅವಳಿಗೆ. ಮನೆಯಲ್ಲಿ ಬೇರೆ ಸದ್ದೇ ಇರಲಿಲ್ಲ. ಆದರೂ ಇನ್ನೊಮ್ಮೆ ಹೇಳಿದೆ.