ಸಾತವ್ವ ಬೆಳೆಸಿದ ಬೀರಪ್ಪನ ಬನ

ಮಗಳು ಮಾದೇವಿ ನಿದ್ದೆ ಹೋದ ಮೇಲೂ ನಾನು ಅವಳ ಎದೆ ಏರಿಳಿಯುವುದನ್ನೇ ನೋಡುತ್ತ ಕೂಡುತ್ತೇನೆ. ಈ ಉಸಿರು ನಿಂತುಬಿಟ್ಟರೆ? ಹತ್ತಿ ಧೂಳು ತಾಗಬಾರದು, ಮರಗಳ ಗಾಳಿಗೆ ಒಯ್ಯಿರಿ ಎಂದು ಹುಬ್ಬಳ್ಳಿಯ ಡಾಕ್ಟರರು ಹೇಳಿ ಕಳಿಸಿದ್ದರು. ಜಮಖಂಡಿಯ ಊರಂಚಿನ ನಮ್ಮ ಬಾಡಿಗೆ ಮನೆಗೆ ಹತ್ತಿರ ಮರಗಳಿದ್ದದ್ದು ಒಂದೇ ಕಡೆ, ಬೀರಪ್ಪನ ಬನದಲ್ಲಿ. ಈಗ ಅದನ್ನೇ ಕಡಿದು ಹತ್ತಿಬೀಜ ಬಿಡಿಸುವ ಜಿನ್ನು ಗಿರಣಿ ಕಟ್ಟುತ್ತಾರಂತೆ.

ಆ ಬನವನ್ನು ಬೆಳೆಸಿದವಳು ಸಾತವ್ವ. ಗಲಗಲಿಯ ಕುರುಬರ ಹೆಣ್ಣುಮಗಳು. ಮದುವೆಯಾಗಿ ಇಲ್ಲಿಗೆ ಬಂದಳು, ಗಂಡ ತೀರಿದ ಮೇಲೆ ಹಿಂಡನ್ನು ತಾನೇ ಕಾಯ್ದಳು. ಅವಳು ಬಂದಾಗ ಬೀರಪ್ಪನ ಗುಡಿಯ ಸುತ್ತ ಹತ್ತಿಪ್ಪತ್ತು ಜಾಲಿಮರ, ನಾಲ್ಕು ಬೇವು, ಅಷ್ಟೇ. ಉಳಿದದ್ದು ಊರ ದನ ಮೇಯುವ ಸರಕಾರಿ ಬಯಲು. ಬೇಸಿಗೆಯಲ್ಲಿ ಜಾಲಿಕಾಯಿ ಉದುರಿಸಿ ಕುರಿಗಳಿಗೆ ತಿನ್ನಿಸುವಳು. ಸಂಜೆ ಹಿಂಡನ್ನು ಬನದ ಅಂಚಿನಲ್ಲೇ ರಾತ್ರಿಗೆ ತರುಬುವಳು. ಹೊಟ್ಟೆಯಲ್ಲಿ ನೆನೆದ ಬೀಜ ಹಿಕ್ಕೆಯೊಡನೆ ನೆಲಕ್ಕೆ ಬಿದ್ದು ಮೊದಲ ಮಳೆಗೆ ಮೊಳೆಯುತ್ತಿತ್ತು. ಆಮೇಲೆ ಆ ನೆಲದ ಪಟ್ಟಿಗೆ ಮುಳ್ಳುಬೇಲಿ. ಮೂರು ವರ್ಷ ತನ್ನ ಕುರಿಗೂ ಅಲ್ಲಿ ಪ್ರವೇಶವಿಲ್ಲ. ಗೊಬ್ಬರಕ್ಕಾಗಿ ತಮ್ಮ ಹೊಲದಲ್ಲಿ ಹಿಂಡು ತರುಬಿದರೆ ಜೋಳ ಕೊಡುತ್ತೇವೆಂದು ಒಕ್ಕಲಿಗರು ಕರೆಯುತ್ತಿದ್ದರು. ಇವಳು ಹೋಗಲಿಲ್ಲ. ವರ್ಷಕ್ಕೊಂದು ಪಟ್ಟಿ, ಹೀಗೆ ಸಂಸ್ಥಾನ ಮುಗಿದು ಮುಂಬಯಿ ಸರಕಾರ ಬರುವ ಹೊತ್ತಿಗೆ ಹನ್ನೊಂದು ಎಕರೆ! ಇನ್ನು ಹಳ್ಳದ ತನಕ ಒಯ್ದರೆ ಸಾಕು ಎನ್ನುತ್ತಿದ್ದಳು.

ನಾನು ಮೊದಲ ಸಲ ಕೂಸನ್ನೆತ್ತಿಕೊಂಡು ಹೋದಾಗ ಬೈದೇ ಮಾತು ಶುರುಮಾಡಿದಳು. "ಎಷ್ಟ್ ಅರಿವಿ ಸುತ್ತೀಯಬೇ ಆ ಕೂಸಿಗೆ! ಸಾಲಿ ಕಲ್ತಾಕಿ ಅಂತ, ನನ್ನ ಕುರಿಗಿದ್ದಷ್ಟು ಬುದ್ಧಿ ಇಲ್ಲ. ಬಿಚ್ಚು, ಗಾಳಿ ಆಡ್ಲಿ." ಆ ನೆರಳಿನಲ್ಲಿ ಮಗಳು ಮೊದಲ ಬಾರಿ ಗೊರಗೊರ ಇಲ್ಲದೆ ಉಸಿರಾಡಿದಳು.

ಹೋದ ತಿಂಗಳು ಪಂಚನಾಮೆಗೆ ಜನ ಬಂದರು. ಜಿನ್ನಿಗೆ ಜಾಗ ಕೇಳಿದ ವ್ಯಾಪಾರಿ ಗಿರಿಮಲ್ಲಪ್ಪ, ಇಬ್ಬರು ಪಂಚರು, ಬರೆದುಕೊಳ್ಳಲು ಕಚೇರಿಯ ಗುಮಾಸ್ತ ಮುರಗೆಪ್ಪ. ಆ ಗುಮಾಸ್ತ ನನ್ನ ಗಂಡ. ಸಾತವ್ವನನ್ನು ಗುಡಿಯ ಎದುರಿಗೇ ಕರೆದು ನಿಲ್ಲಿಸಿದರು. ನಾನು ಬೇವಿನ ಕೆಳಗೆ ಕೂಸಿನೊಡನೆ ಕೂತಿದ್ದೆ.

"ಈ ಗಿಡ ಯಾರು ಬೆಳಸ್ಯಾರಬೇ?" ಎಂದರು ನನ್ನವರು.

ಸಾತವ್ವ ಗುಡಿಗೆ ಕೈಮುಗಿದಳು. "ಯಾರೂ ಬೆಳಸಿಲ್ರೀ. ಬೀರಪ್ಪ ಹುಟ್ಟಿಸ್ಯಾನ."

"ನೀನಽ ಬೆಳಸೀದಿ ಅಂತಾರಲ್ಲ ಮಂದಿ?"

"ಅಯ್ಯ ನನ್ನಪ್ಪಾ, ನಾ ಯಾವ ಊರ ದೊರಿಸಾನಿ ಬೆಳಸಾಕ?"

ಗಿರಿಮಲ್ಲಪ್ಪ ನಕ್ಕ. "ಆತಲ್ರೀ, ಆಕಿ ಬಾಯಾಗಽ ಬಂತು. ಗೀಚ್ರಿ."

ನನ್ನವರು ಬರೆದುಕೊಂಡರು: 'ತಾನೇ ಹುಟ್ಟಿದ ನಿರುಪಯೋಗಿ ಮುಳ್ಳುಕಂಟಿ. ಯಾರ ಶ್ರಮವೂ ಇಲ್ಲ, ಯಾರ ತಕರಾರೂ ಇಲ್ಲ.' ಸಾತವ್ವ ಅದಕ್ಕೆ ಹೆಬ್ಬೆಟ್ಟು ಒತ್ತಿದಳು.

ಅವರು ಹೋದ ಮೇಲೆ ನಾನು ಸಿಡಿದೆ. ನೀನು ಯಾಕೆ ಹಾಗೆ ಹೇಳಿದೆ?

"ದ್ಯಾವ್ರ ಬನದಾಗ ನಿಂತು 'ನಾ ಮಾಡೇನಿ' ಅಂದ್ರ ಹಿಂಡಿಗೆ ಬ್ಯಾನಿ ಬರತೈತಿ, ತಂಗಿ. ನಮ್ಮತ್ತಿ ಕಾಲದಾಗ ಒಬ್ಬಾಂವ ಒಂದು ಬೇವು ತೋರಿಸಿ 'ಇದು ನಂದು' ಅಂದ. ವಾರದಾಗ ಅವನ ದೊಡ್ಡಿ ಖಾಲಿ."

ಈ ನೇಮ ನನ್ನ ಗಂಡನಿಗೆ ಗೊತ್ತಿರಲಿಲ್ಲವೆ? ರನ್ನ ಬೆಳಗಲಿಯಲ್ಲಿ ಕುರುಬರ ಓಣಿಯ ಪಕ್ಕದಲ್ಲೇ ಬೆಳೆದವರು! ಗೊತ್ತಿದ್ದೇ ಕೇಳಿದರು. ಕಚೇರಿಗೆ ಕರೆಸಿದ್ದರೆ ನಿಜ ಹೇಳುತ್ತಿದ್ದಳೇನೋ. ಅದಕ್ಕೇ ಗುಡಿಯೆದುರು ನಿಲ್ಲಿಸಿದರು. ಒಬ್ಬಳ ಭಕ್ತಿಯನ್ನು ಹಿಡಿದು ಅವಳ ಕೈಯನ್ನೇ ಕಡಿದ ಹಾಗೆ.

"ಆಕಿ ಹೇಳಿದ್ದಽ ಬರದೇನಿ," ಎಂದರು ಮನೆಯಲ್ಲಿ.

"ಆಕಿ ಯಾಕ ಹಂಗ ಹೇಳ್ತಾಳ ಅನ್ನೂದು ಬರೀಲಿಲ್ಲ?"

"ಸುಮ್ಮ ಕೂಡು. ನೌಕರಿ ಹೋದ್ರ ಕೂಸಿಗೆ ಔಷಧ ನಿಮ್ಮಪ್ಪ ಕಳಸ್ತಾನೇನು?"

ನನ್ನ ಬಾಯಿ ಎಲ್ಲಿ ಕಟ್ಟುತ್ತದೆಂದು ಅವರಿಗೆ ಗೊತ್ತು. ಎಂಟು ದಿನ ಕಟ್ಟಿಯೇ ಇತ್ತು. ಅಷ್ಟರಲ್ಲಿ ಗಿರಿಮಲ್ಲಪ್ಪನ ಆಳುಗಳು ಈ ವರ್ಷದ ಎಳೆ ಪಟ್ಟಿಯ ತುಂಬ ಗೂಟ ಬಡಿದರು. ಹೋಗಿ ನೋಡಿದರೆ ಸಾತವ್ವ ತುಳಿದ ಸಸಿಗಳನ್ನು ಒಂದೊಂದೇ ನೆಟ್ಟಗೆ ಮಾಡಿ, ಹಳ್ಳದಿಂದ ಕೊಡ ಹೊತ್ತು ತಂದು ನೀರು ಬಿಡುತ್ತಿದ್ದಳು. ಕೂಗಲಿಲ್ಲ, ಯಾರನ್ನೂ ಬೈಯಲಿಲ್ಲ. ನನಗೆ ಅದೇ ಸಹಿಸಲಾಗಲಿಲ್ಲ.

"ನಾ ಹೇಳಲೇನು, ಸಾತವ್ವ? ನೀ ಮಾಡಿದ್ದು ಅಂತ?"

ಅವಳು ಕೊಡ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು. "ನಾ ಅನಬಾರದು. ನೀ ಅಂದ್ರ ನನ್ನ ಹಿಂಡಿಗೇನು? ಆದ್ರ ನಿನ್ನ ಮನಿ ನೋಡ್ಕೋ ಮತ್ತ."

ತಕರಾರು ಶನಿವಾರದೊಳಗೆ ಬಿಜಾಪುರದ ದೊಡ್ಡ ಸಾಹೇಬರಿಗೆ, ಅಂದರೆ ಕಲೆಕ್ಟರರಿಗೆ, ಮುಟ್ಟಬೇಕಿತ್ತು. ಅರ್ಜಿ ಕೊಟ್ಟರೆ ಅದು ಹೋಗುವುದು ನನ್ನವರ ಮೇಜಿನ ಮೇಲಿಂದಲೇ. ಶುಕ್ರವಾರ ಮಗಳನ್ನು ಕಂಕುಳಲ್ಲಿಟ್ಟುಕೊಂಡು ಪೋಸ್ಟಿಗೆ ಹೋದೆ, ಬಿಜಾಪುರಕ್ಕೆ ಫೋನು ಜೋಡಿಸಲು ಟ್ರಂಕ್ ಕಾಲ್ ಬರೆಸಿ ಕೂತೆ. ಎರಡು ಸಲ ಎದ್ದು ಬಾಗಿಲ ತನಕ ಬಂದೆ. ಮೂರನೆಯ ಸಲ ಏಳುವಷ್ಟರಲ್ಲಿ ಪೋಸ್ಟಿನವರು ಕೂಗಿದರು: "ಬಿಜಾಪುರ ಬಂತ್ರೀ ಅವ್ವಾರ!"

"ಬೀರಪ್ಪನ ಬನ ತಾನಽ ಬೆಳೆದಿದ್ದಲ್ರೀ, ಸಾಹೇಬ್ರ. ಸಾತವ್ವ ಬೆಳಸ್ಯಾಳ. ನಾ ಕಣ್ಣಾರೆ ನೋಡೇನಿ. ಪಂಚನಾಮೆ ಸುಳ್ಳೈತಿ, ನೀವಽ ಬಂದು ನೋಡ್ರಿ."

ಆ ಕಡೆ ಕಾಗದ ಮಗುಚುವ ಸದ್ದು. "ಬರೆದ ಗುಮಾಸ್ತ ಯಾರು?"

"ಮುರಗೆಪ್ಪ," ಎಂದೆ. "ನನ್ನ ಯಜಮಾನರು."